‘ಬಾ, ಕಾಂಬ’ ಅಂದವರು, ಇಂಕಿನ ಸಹಿ ಕೇಳಿದವರು

2024ರ ಅಕ್ಟೋಬರ್ 1, ಮಂಗಳವಾರ. ಬೆಳಿಗ್ಗೆ 8 ಗಂಟೆಗೆ ನಾನು ಇಲ್ಲದ ಕೆಲಸಕ್ಕೆ ಹಾಜರಾದೆ.

ಜರ್ಮನಿಯ ಸ್ಟುಟ್‌ಗಾರ್ಟ್ ಊರ ಹೊರಗೆ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಗೇಟು. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಒಂದೇ ಜರ್ಮನ್ ವಾಕ್ಯವನ್ನು ಸೆಕ್ಯೂರಿಟಿಯವನಿಗೆ ಹೇಳಿದೆ: ‘ನಾನು ಇವತ್ತಿಂದ ಇಲ್ಲಿ ಕೆಲಸ ಮಾಡುವವನು, ಬಂದಿದ್ದೇನೆ.’ ಅವನು ಲಿಸ್ಟ್ ನೋಡಿದ. ನನ್ನ ಹೆಸರಿಲ್ಲ. ಫೋನ್ ಮಾಡಿದ. ಹತ್ತು ನಿಮಿಷ ಬಿಟ್ಟು ಎಚ್‌ಆರ್‌ನ ಒಬ್ಬ ಹೆಂಗಸು ಇಳಿದು ಬಂದರು. ಮುಖ ಕೆಂಪಾಗಿತ್ತು. ‘ನಿಮಗೆ ಮೇಲ್ ಹಾಕಿದ್ದೆವಲ್ಲ?’ ಅಂದರು. ‘ಹಾಕಿದ್ದೀರಿ, ಆದರೂ ಬಂದಿದ್ದೇನೆ’ ಅಂದೆ. ಇಷ್ಟು ಹೇಳಲು ನನಗೆ ಧೈರ್ಯ ಎಲ್ಲಿಂದ ಬಂತು ಅಂತೀರಾ? ಧೈರ್ಯ ನನ್ನದಲ್ಲ, ನನ್ನ ಮನೆ ಓನರ್ ಅಜ್ಜಿಯದು. ಅದಕ್ಕೆ ಆಮೇಲೆ ಬರುತ್ತೇನೆ.

ಕತೆ ಸಣ್ಣದು. ನಾನು ಕುಂದಾಪುರ ಕಡೆಯವನು, ಬೆಂಗಳೂರಿನಲ್ಲಿ 9 ವರ್ಷ ಎಂಬೆಡೆಡ್ ಸಾಫ್ಟ್‌ವೇರ್, ಅಂದರೆ ಯಂತ್ರದೊಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಕೆಲಸ ಮಾಡಿದವನು. ನಮ್ಮ ಲೈನಿನವರಿಗೆ ಸ್ಟುಟ್‌ಗಾರ್ಟ್ ಅಂದರೆ ಒಂಥರಾ ಕಾಶಿ. ವಿಡಿಯೋದಲ್ಲೇ ಮೂರು ಸುತ್ತು ಇಂಟರ್‌ವ್ಯೂ ಆಯಿತು, ಕಾಂಟ್ರಾಕ್ಟ್‌ಗೆ ಎರಡೂ ಕಡೆ ಸಹಿ ಆಯಿತು, ವೀಸಾ ಬಂತು. ಜೂನ್‌ನಲ್ಲಿ ರಾಜೀನಾಮೆ ಕೊಟ್ಟೆ, 90 ದಿನದ ನೋಟಿಸ್ ಪೀರಿಯಡನ್ನು ಒಂದು ದಿನವೂ ಬಿಡದೆ ಮುಗಿಸಿದೆ. ಫ್ರಿಜ್ ಮಾರಿದೆ, ಸ್ಕೂಟರ್ ಮಾರಿದೆ. ಬಾಡಿಗೆ ಮನೆ ಬಿಟ್ಟೆ, ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡೇ ಅಡ್ವಾನ್ಸ್ ವಾಪಸ್ ಕೊಟ್ಟರು, ಅದೇನು ಹೊಸದಲ್ಲ. ಹೆಂಡತಿ ಹುಬ್ಬಳ್ಳಿಯ ತವರಿಗೆ ಹೋದಳು, ಜನವರಿಗೆ ಕರೆಸಿಕೊಳ್ಳುವ ಲೆಕ್ಕ. ಸೆಪ್ಟೆಂಬರ್ 18ಕ್ಕೆ ಬಂದಿಳಿದೆ. 26ಕ್ಕೆ, ಕೆಲಸಕ್ಕೆ ಸೇರಲು ಐದು ದಿನ ಇರುವಾಗ, ಮೇಲ್ ಬಂತು. ಪ್ರಾಜೆಕ್ಟ್ ನಿಂತಿದೆ, ಹುದ್ದೆ ರದ್ದಾಗಿದೆ, ಅನನುಕೂಲಕ್ಕೆ ವಿಷಾದಿಸುತ್ತೇವೆ. ನಾಲ್ಕು ಸಾಲು.

ಆ ವರ್ಷ ಇಲ್ಲಿ ಕಾರಿನ ಕೈಗಾರಿಕೆಗೆ ಗ್ರಹಣ ಹಿಡಿದಿತ್ತು. ಬಿಡಿಭಾಗದ ದೊಡ್ಡ ದೊಡ್ಡ ಕಂಪನಿಗಳೇ ಜನರನ್ನು ಕಡಿಮೆ ಮಾಡುತ್ತೇವೆ ಅಂತ ಘೋಷಿಸುತ್ತಿದ್ದವು. ಹಾಗಾಗಿ ಯಾರೋ ಬೇಕಂತ ನನಗೆ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ನನ್ನ ಮಾತು ಬೇರೆ. ಅದೇ ನಾಲ್ಕು ಸಾಲಿನ ಮೇಲ್‌ಗೆ ಇಲ್ಲಿ ಎಷ್ಟು ಬೆಲೆ, ನಮ್ಮಲ್ಲಿ ಎಷ್ಟು ಬೆಲೆ?

ಅಂದು ಸಂಜೆ ಮನೆ ಓನರ್ ಅಜ್ಜಿಗೆ ಹೇಳಿದೆ. ಹೇಳಬೇಕಂತ ಹೇಳಿದ್ದಲ್ಲ, ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದೆ, ಅವರೇ ಕೇಳಿದರು. ನಿವೃತ್ತ ನರ್ಸು, ಆಸ್ಪತ್ರೆಯಲ್ಲಿ ನೌಕರರ ಪ್ರತಿನಿಧಿ ಮಂಡಳಿಯಲ್ಲಿ ಇದ್ದವರಂತೆ. ಅಯ್ಯೋ ಪಾಪ ಅನ್ನಲಿಲ್ಲ. ಬೆನ್ನು ತಟ್ಟಲಿಲ್ಲ. ಮೊದಲು ಕೇಳಿದ್ದು ಒಂದೇ: ‘ಕಾಗದ ಎಲ್ಲಿ?’ ಫೋನಿನಲ್ಲಿ ಮೇಲ್ ತೋರಿಸಿದೆ. ‘ಇದು ಕಾಗದವಾ? ಇದಕ್ಕೆ ಸಹಿ ಎಲ್ಲಿದೆ? ಇದು ವಜಾ ಅಲ್ಲವೇ ಅಲ್ಲ’ ಅಂದು ತಮ್ಮ ಪಾಡಿಗೆ ಆಲೂಗಡ್ಡೆ ಸುಲಿಯುವುದಕ್ಕೆ ಕೂತರು.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಜರ್ಮನಿಯ ಸಿವಿಲ್ ಕಾನೂನಿನ 623ನೇ ಕಲಮಿನ ಪ್ರಕಾರ ಕೆಲಸದಿಂದ ತೆಗೆಯುವ ನೋಟಿಸು ಕಾಗದದ ಮೇಲೇ ಇರಬೇಕು, ಅಧಿಕಾರ ಇರುವವರು ಪೆನ್ನಿನಲ್ಲಿ ಸಹಿ ಹಾಕಿರಬೇಕು. ಮೇಲ್ ಆಗಲ್ಲ, ವಾಟ್ಸಾಪ್ ಆಗಲ್ಲ, ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಆಗಲ್ಲ. ಆ ಕಾಗದ ನಮ್ಮ ಕೈಗೆ, ಅಂದರೆ ನಮ್ಮ ಅಂಚೆ ಡಬ್ಬಿಗೆ, ಬಂದು ಬಿದ್ದ ಮೇಲೆಯೇ ನೋಟಿಸಿನ ದಿನ ಎಣಿಸುವುದು. ಪ್ರೊಬೇಷನ್‌ನಲ್ಲಿ ಎರಡು ವಾರದ ನೋಟಿಸು ಸಾಕು. ಕೆಲಸಕ್ಕೆ ಸೇರುವ ಮೊದಲೂ ಕೊಡಬಹುದು, ಕಾಂಟ್ರಾಕ್ಟ್‌ನಲ್ಲಿ ಬೇಡ ಅಂತ ಬರೆದಿರದಿದ್ದರೆ. ಅಂದರೆ ಕಾಗದ ಬರುವವರೆಗೆ, ಬಂದು ಎರಡು ವಾರ ಆಗುವವರೆಗೆ, ನಾನು ಆ ಕಂಪನಿಯ ನೌಕರನೇ. ‘ಹಾಗಾದರೆ 1ನೇ ತಾರೀಕು ನೀನು ಕೆಲಸಕ್ಕೆ ಹೋಗು’ ಅಂದರು ಅಜ್ಜಿ. ‘ನೀನು ದುಡಿಯಲು ತಯಾರಿದ್ದೆ, ಅವರು ಬೇಡ ಅಂದರು ಅಂತ ಆಗಬೇಕು. ಮನೆಯಲ್ಲಿ ಕೂತರೆ ಸಂಬಳ ಕೇಳುವ ಹಾಗಿಲ್ಲ.’ ಗೇಟಿನ ಮುಂದೆ ನಿಂತದ್ದು ಇದಕ್ಕೆ.

ಇನ್ನೊಂದು ತಮಾಷೆ. ಕಂಪನಿಯವರು ಎಚ್ಚೆತ್ತು ಕಾಗದ ಕಳಿಸಿದರು. ಅದು ನನಗೆ ಸಿಗಲೇ ಇಲ್ಲ, ವಾಪಸ್ ಹೋಯಿತು. ಯಾಕೆ ಗೊತ್ತಾ? ಅಂಚೆ ಡಬ್ಬಿಯ ಮೇಲೆ ನನ್ನ ಹೆಸರಿರಲಿಲ್ಲ. ಇಲ್ಲಿ ಮನೆ ನಂಬರ್ ಇದ್ದರೂ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಪೋಸ್ಟ್‌ಮ್ಯಾನ್ ಪತ್ರ ಹಾಕುವುದಿಲ್ಲ. ಊರಿನಲ್ಲಿ ‘ಇಂಥವರ ಮನೆ ಹತ್ತಿರ’ ಅಂತ ಬರೆದರೂ ಪತ್ರ ಬರುತ್ತಿತ್ತು, ಇಲ್ಲಿ ಚೀಟಿ ಇಲ್ಲದಿದ್ದರೆ ನಾವೇ ಇಲ್ಲ. ಅಜ್ಜಿಗೆ ಸಿಟ್ಟು ಬಂತು, ನನ್ನ ಮೇಲೆ. ತಪ್ಪಿಸಿಕೊಳ್ಳುವವನ ಹಾಗೆ ಕಾಣುತ್ತದೆ ಅಂತ ಅವತ್ತೇ ಹೆಸರು ಅಂಟಿಸಿದರು. ಎರಡನೇ ಸಲ ಕಾಗದ ಬಂದದ್ದು ಅಕ್ಟೋಬರ್ 9ಕ್ಕೆ. ಹಾಗಾಗಿ ನನ್ನ ನೌಕರಿ, ಒಂದು ದಿನವೂ ಒಳಗೆ ಕಾಲಿಡದ ನೌಕರಿ, 23ರವರೆಗೆ ನಡೆಯಿತು.

ಈಗ ನಮ್ಮ ಕಡೆ ಬನ್ನಿ. ನನ್ನ ಭಾಮೈದ 2023ರಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ. ಕೈಯಲ್ಲಿ ಆಫರ್ ಲೆಟರ್ ಇತ್ತು. ಇದ್ದ ಕೆಲಸ ಬಿಟ್ಟ, ಪಿಜಿಗೆ ಅಡ್ವಾನ್ಸ್ ಕಟ್ಟಿದ, ಅಪ್ಪ ಬಸ್ ಸ್ಟ್ಯಾಂಡಿನವರೆಗೂ ಬಂದು ಕಳಿಸಿಕೊಟ್ಟಿದ್ದರು. ಸೋಮವಾರ ಸೇರಬೇಕು, ಶುಕ್ರವಾರ ಸಂಜೆ ಮೇಲ್: ಬಿಸಿನೆಸ್ ಕಾರಣದಿಂದ ಆಫರ್ ಹಿಂತೆಗೆದುಕೊಂಡಿದ್ದೇವೆ. ನನಗೆ ಬಂದದ್ದಕ್ಕಿಂತ ಎರಡು ಸಾಲು ಕಮ್ಮಿ. ಎಚ್‌ಆರ್‌ಗೆ ಫೋನ್ ಮಾಡಿದ, ಎರಡು ಸಲ ರಿಂಗ್ ಆಯಿತು, ಮೂರನೇ ಸಲಕ್ಕೆ ಬ್ಲಾಕ್. ಲೆಟರ್ ತೆಗೆದು ಓದಿದರೆ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಯಾವಾಗ ಬೇಕಾದರೂ ಕಾರಣ ಹೇಳದೆ ಹಿಂದೆ ತೆಗೆದುಕೊಳ್ಳಬಹುದು ಅಂತ. ಅವನು ಸಹಿ ಹಾಕಿದ್ದೂ ಅದರ ಕೆಳಗೇ. ಹಳೇ ಕಂಪನಿಗೆ ಕೇಳಿದ, ಜಾಗ ತುಂಬಿತ್ತು.

ಅವನು ಏನು ಮಾಡಿದ? ಏನೂ ಮಾಡಲಿಲ್ಲ. ಏನು ಮಾಡಬಹುದು ಅಂತ ಯಾರೂ ಕೇಳಲೂ ಇಲ್ಲ, ನಾನೂ ಕೇಳಲಿಲ್ಲ, ಆಗ ನಾನು ಬೆಂಗಳೂರಿನಲ್ಲೇ ಇದ್ದೆ. ‘ಹೋಗ್ಲಿ ಬಿಡು, ಬೇರೆ ಸಿಗುತ್ತೆ’ ಅಂದೆ. ಮಾವ ‘ಗ್ರಹಚಾರ’ ಅಂದರು. ಅತ್ತೆ ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿಸಿದರು. ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 1872ರ ಕಾಂಟ್ರಾಕ್ಟ್ ಕಾಯ್ದೆಯ 73ನೇ ಕಲಮು, ಒಪ್ಪಂದ ಮುರಿದವನು ಅದರಿಂದ ಆದ ನಷ್ಟ ಕಟ್ಟಿಕೊಡಬೇಕು ಅನ್ನುತ್ತದೆ. ಆದರೆ ಮೂರು ತಿಂಗಳ ಪಿಜಿ ಬಾಡಿಗೆಗೆ ಸಿವಿಲ್ ಕೋರ್ಟಿಗೆ ಹೋಗುವವರು ಯಾರು? ವಕೀಲರ ಮೊದಲ ಫೀಸೇ ಅದಕ್ಕಿಂತ ಜಾಸ್ತಿ. ಐಟಿ ನೌಕರರ ಸಂಘ ಅಂತ ಕರ್ನಾಟಕದಲ್ಲಿ 2017ರಲ್ಲಿ ನೋಂದಣಿ ಆದದ್ದಿದೆ, ನಮ್ಮ ಹುಡುಗರಿಗೆ ಅದರ ಹೆಸರು ಕೇಳಿದರೇ ಭಯ. ಸಂಘ ಅಂದರೆ ಫ್ಯಾಕ್ಟರಿಯವರದ್ದು, ನಾವು ಲ್ಯಾಪ್‌ಟಾಪಿನವರು ಅಲ್ವಾ!

ಕಂಪನಿಯವರ ಕಡೆಗೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. 90 ದಿನದ ನೋಟಿಸಿನಲ್ಲಿ ಕೂತು ನಾಲ್ಕು ಆಫರ್ ಜೇಬಿಗೆ ಹಾಕಿಕೊಂಡು, ಒಂದನ್ನು ತೋರಿಸಿ ಇನ್ನೊಂದರಲ್ಲಿ ಸಂಬಳ ಏರಿಸಿಕೊಂಡು, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡುವವರು ನಮ್ಮ ಹುಡುಗರೇ. ನಾನೇ 2018ರಲ್ಲಿ ಒಂದು ಕಡೆ ಹಾಗೆ ಮಾಡಿದ್ದೇನೆ. ಅವರಿಗೂ ಇದು ಕಾಗದ, ನಮಗೂ ಇದು ಕಾಗದ. ಯಾರಿಗೂ ಮಾತು ಅಲ್ಲ. ಆದರೆ ನಾವು ಹೋಗದಿದ್ದರೆ ಅವರಿಗೆ ಒಂದು ಕುರ್ಚಿ ಖಾಲಿ. ಅವರು ಬೇಡ ಅಂದರೆ ನಮ್ಮ ಮನೆ, ಸ್ಕೂಟರು, ಊರು ಎಲ್ಲ ಖಾಲಿ.

ಇಲ್ಲಿ ನನಗೆ ದೊಡ್ಡಪ್ಪ ನೆನಪಾಗುತ್ತಾನೆ. ಅವನು ಮುಂಬಯಿಗೆ ಹೋದದ್ದು 1968ರಲ್ಲಿ, 13 ವರ್ಷದವನಿದ್ದಾಗ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ, ಅವನ ಕಾಲಕ್ಕೆ ಬಸ್ಸೇ ಗತಿ. ಆಫರ್ ಲೆಟರ್ ಇರಲಿಲ್ಲ. ಊರಿನ ಒಬ್ಬರು ಅಲ್ಲಿ ಹೋಟೆಲಿನಲ್ಲಿ ಅಡುಗೆಗೆ ಇದ್ದರು, ರಜೆಗೆ ಬಂದವರು ನಮ್ಮ ಅಜ್ಜಿಗೆ ಮೂರು ಶಬ್ದ ಹೇಳಿ ಹೋಗಿದ್ದರು: ‘ಬಪ್ಪುಕ್ ಹೇಳಿ, ಕಾಂಬ.’ ಬರಲಿ, ನೋಡೋಣ. ನಮ್ಮ ಕಡೆಯ ಅರ್ಧ ಊರು ಮುಂಬಯಿಗೆ ಹೋದದ್ದು ಈ ‘ಬಾ, ಕಾಂಬ’ ಮೇಲೆ. ದೊಡ್ಡಪ್ಪ ಹೋಗಿ ಇಳಿದರೆ ಆ ಹೋಟೆಲು ಕೈ ಬದಲಾಗಿತ್ತು, ಹೊಸ ಮಾಲೀಕನಿಗೆ ಹುಡುಗರು ಬೇಡವಾಗಿತ್ತು. ಕೆಲಸ ಇಲ್ಲ. ಆದರೆ ಕರೆದವರು ‘ಇಲ್ಲ’ ಅನ್ನಲಿಲ್ಲ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಎರಡು ಟೇಬಲು ಸೇರಿಸಿ ಮಲಗಿಸಿದರು, ಬೆಳಿಗ್ಗೆ ತಮ್ಮ ಪಾಲಿನ ಉಪ್ಪಿಟ್ಟಿನಲ್ಲೇ ಅರ್ಧ ಕೊಟ್ಟರು, ಮಧ್ಯಾಹ್ನ ಬಿಡುವಿನಲ್ಲಿ ಮಾಟುಂಗಾ ಸುತ್ತಿಸಿ ಹೋಟೆಲು ಹೋಟೆಲು ಕೇಳಿಸಿದರು. ಹನ್ನೆರಡನೇ ದಿನಕ್ಕೆ ಒಂದು ಕಡೆ ಕಪ್ಪು ತೊಳೆಯುವ ಕೆಲಸ ಸಿಕ್ಕಿತು. ಆಮೇಲೆ ಕನ್ನಡ ರಾತ್ರಿ ಶಾಲೆಗೆ ಸೇರಿ ಹತ್ತನೇ ಕ್ಲಾಸು ಮುಗಿಸಿದ. ಹೋಟೆಲ್ ಹುಡುಗರಿಗೆ ಅಂತಲೇ ಮುಂಬಯಿಯಲ್ಲಿ ಅಂಥ ಶಾಲೆಗಳಿದ್ದವು.

ಇದನ್ನು ನಾನು ಸಕ್ಕರೆ ಹಾಕಿ ಹೇಳುತ್ತಿಲ್ಲ. 13 ವರ್ಷದ ಹುಡುಗನ ಕೈಯಲ್ಲಿ ಕಪ್ಪು ತೊಳೆಸಿದರು. ಮೊದಲ ಆರು ತಿಂಗಳು ಸಂಬಳವೇ ಇಲ್ಲ, ಊಟ ಮತ್ತು ಟೇಬಲ್ ಮಾತ್ರ. ಹಬ್ಬಕ್ಕೆ ಊರಿಗೆ ಹೋಗುತ್ತೇನೆ ಅಂದರೆ ‘ಕೆಲಸ ಕೊಡಿಸಿದವನ ಮರ್ಯಾದೆ ಏನಾಗಬೇಕು’ ಅನ್ನುವ ಮಾತು. ಬಾಯಿಮಾತು ಹಿಡಿದು ನಿಲ್ಲಿಸುತ್ತದೆ, ಜೊತೆಗೆ ಕಟ್ಟಿಯೂ ಹಾಕುತ್ತದೆ. ಆದರೂ ಕರೆದವನಿಗೆ ಒಂದು ಹೊಣೆ ಇತ್ತು, ಯಾಕೆಂದರೆ ಅವನು ಮುಂದಿನ ವರ್ಷ ಊರಿಗೆ ಬಂದು ನಮ್ಮ ಅಜ್ಜಿಯ ಮುಖ ನೋಡಬೇಕಿತ್ತು. ಭಾಮೈದನ ನಂಬರ್ ಬ್ಲಾಕ್ ಮಾಡಿದವರಿಗೆ ಯಾರ ಮುಖ ನೋಡುವುದಿದೆ?

ನಮ್ಮ ಬೆಂಗಳೂರು ಕಂಪನಿಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಹೊರದೇಶದಿಂದ ಕಾಗದದ ಗತ್ತು ತಂದರು, ಆಫರ್ ಲೆಟರ್ ಅಂದರೆ ಹದಿನೆಂಟು ಪುಟ. ಆ ಕಾಗದಕ್ಕೆ ಅಲ್ಲಿ ಇರುವ ಹಲ್ಲು ಮಾತ್ರ ತರಲಿಲ್ಲ. ಊರಿನ ‘ಕಾಂಬ’ದಲ್ಲಿ ಇದ್ದ ಟೇಬಲ್ಲನ್ನಂತೂ ಬಿಟ್ಟೇ ಬಂದರು.

ಜರ್ಮನಿಯನ್ನೂ ಹೊಗಳಿ ಅಟ್ಟಕ್ಕೆ ಏರಿಸಬೇಡಿ. ಇಲ್ಲಿ ಕಾನೂನು ನನಗೆ ಕೆಲಸ ಕೊಡಿಸಲಿಲ್ಲ. ಮೊದಲ ಆರು ತಿಂಗಳಿಗೆ ವಜಾ ವಿರುದ್ಧದ ರಕ್ಷಣೆಯೇ ಅನ್ವಯಿಸುವುದಿಲ್ಲ. ನಿರುದ್ಯೋಗ ಭತ್ಯೆ ಬೇಕೆಂದರೆ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ವಿಮೆ ಕಟ್ಟಿರಬೇಕು, ನಾನು 23 ದಿನದವನು. ಕೆಲಸ ಹೋಯಿತು ಅಂತ ವಿದೇಶಿಯರ ಕಚೇರಿಗೆ ಎರಡು ವಾರದೊಳಗೆ ನಾನೇ ತಿಳಿಸಬೇಕು, ಬ್ಲೂ ಕಾರ್ಡ್ (ಓದಿದ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ದಾರಿಯಲ್ಲಿ ಬಂದವನಿಗೆ ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ 3 ತಿಂಗಳು ಕೊಡುತ್ತಾರೆ. ಅಮೆರಿಕದ ಎಚ್‌-1ಬಿಯವರಿಗೆ 60 ದಿನ ಅಂತ ನೆನೆದು ಸಮಾಧಾನ ಮಾಡಿಕೊಂಡೆ. ಮನೆ ಬಾಡಿಗೆಗೆ ಕೇಳಿದರೆ ಕಳೆದ ಮೂರು ತಿಂಗಳ ಸಂಬಳದ ಚೀಟಿ ತೋರಿಸು ಅನ್ನುತ್ತಾರೆ. ಸಂಬಳದ ಚೀಟಿ ಇಲ್ಲದವನಿಗೆ ಮನೆ ಇಲ್ಲ. ಆದರೆ ರೇಡಿಯೋ ಟಿವಿ ಶುಲ್ಕದ ಪತ್ರ ಮಾತ್ರ ತಪ್ಪದೆ ಬಂತು, ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಇಲ್ಲದಿರಲಿ. ಡಬ್ಬಿಯ ಮೇಲೆ ಹೆಸರು ಅಂಟಿಸಿದ್ದರ ಫಲ!

ಆಮೇಲೆ ಕೇರ್‌ವೋಖೆ. ಸ್ಟುಟ್‌ಗಾರ್ಟ್ ಸೀಮೆಯವರಿಗೆ ಇದು ಅರ್ಧ ಧರ್ಮ. ಕಟ್ಟಡದ ಮೆಟ್ಟಿಲು, ಅಂಗಳ, ಮುಂದಿನ ಫುಟ್‌ಪಾತು ಗುಡಿಸುವುದು ಮನೆಯಿಂದ ಮನೆಗೆ ವಾರದ ಪಾಳಿ. ಪಾಳಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ನವೆಂಬರ್ ಮೊದಲ ವಾರ ಆ ಹಲಗೆ ನಮ್ಮ ಬಾಗಿಲಿಗೆ ಬಂತು, ಅಜ್ಜಿ ಪೊರಕೆ ನನ್ನ ಕೈಗೆ ಕೊಟ್ಟರು. ಕೆಲಸ ಇಲ್ಲದವನು ಅಂತ ಕೊಟ್ಟರಾ, ಮನೆಯವನು ಅಂತ ಕೊಟ್ಟರಾ, ಇವತ್ತಿಗೂ ಗೊತ್ತಿಲ್ಲ. ಎಲೆ ಉದುರುವ ಕಾಲ, ಗುಡಿಸಿದಷ್ಟೂ ಬೀಳುತ್ತಿತ್ತು. ಅಷ್ಟು ವಾರಗಳಲ್ಲಿ ಮನಸ್ಸಿಗೆ ಹಗುರ ಅನಿಸಿದ್ದು ಆ ಒಂದು ಗಂಟೆ.

ಯಾಕೆಂದರೆ ಊರಿಗೆ ಹೇಳಿರಲಿಲ್ಲ. ಹೆಂಡತಿಗೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ. ಪ್ರತಿ ಭಾನುವಾರ ಅಮ್ಮ ವಿಡಿಯೋದಲ್ಲಿ ಕೇಳುವುದು ಒಂದೇ, ‘ಆಫೀಸಲ್ಲಿ ಊಟಕ್ಕೆ ಎಂತ?’ ನಾನು ನೋಡದೇ ಇರುವ ಕ್ಯಾಂಟೀನಿನ ಊಟ ವರ್ಣಿಸುತ್ತಿದ್ದೆ. ಆಲೂಗಡ್ಡೆ, ಬ್ರೆಡ್ಡು, ಒಮ್ಮೊಮ್ಮೆ ಅನ್ನ. ಸುಳ್ಳು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಒಂದು ಸಲ ಕ್ಯಾಂಟೀನಿನ ಅಡುಗೆಯವನಿಗೆ ಟರ್ಕಿ ಮೂಲವನ್ನೂ ಕೊಟ್ಟೆ. ಇಲ್ಲಿಯ ಕನ್ನಡ ಕೂಟದ ರಾಜ್ಯೋತ್ಸವಕ್ಕೂ ಹೋಗಲಿಲ್ಲ, ‘ಯಾವ ಕಂಪನಿ?’ ಅನ್ನುವುದೇ ಅಲ್ಲಿ ಎರಡನೇ ಪ್ರಶ್ನೆ. ಜರ್ಮನ್ ಅಜ್ಜಿಗೆ ಹೇಳಲು ನಾಚಿಕೆ ಆಗದ್ದು ನನ್ನ ಭಾಷೆಯವರಿಗೆ ಹೇಳಲು ಆಯಿತು. ಕೆಲಸ ತಪ್ಪಿದರೆ ನಮ್ಮಲ್ಲಿ ತಪ್ಪಿಸಿದವನಿಗಲ್ಲ, ಕಳೆದುಕೊಂಡವನಿಗೆ ನಾಚಿಕೆ. ಇದು ಎಲ್ಲಿಂದ ಬಂತೋ.

ಈ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರು ಗಲ್ಫ್ ಏಜೆಂಟರು. ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ. ‘ವಿಸಿಟ್ ವೀಸಾದಲ್ಲಿ ಹೋಗು ಮಾರಾಯ, ಅಲ್ಲಿ ಚೇಂಜ್ ಮಾಡಿಸುವ.’ ಇದೂ ಒಂದು ‘ಕಾಂಬ’ವೇ, ಆದರೆ ಹೇಳಿದವನು ಅಲ್ಲಿ ಸಿಗುವುದಿಲ್ಲ. ವಿಸಿಟ್ ವೀಸಾದಲ್ಲಿ ದುಡಿಯುವುದೇ ಅಲ್ಲಿ ಅಪರಾಧ. ದುಬೈ, ಶಾರ್ಜಾ ಇರುವ ಅರಬ್ ಎಮಿರೇಟ್ಸ್‌ನ ಕಾನೂನಿನಲ್ಲಿ ನೇಮಕಾತಿಯ ಖರ್ಚು ಮಾಲೀಕನದ್ದು, ನೌಕರನದ್ದಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗೇ ಇಲ್ಲ. ಲಕ್ಷಗಟ್ಟಲೆ ಕೊಟ್ಟು ಹೋಗಿ, ಶಾರ್ಜಾದಲ್ಲಿ ಬೆಡ್ ಸ್ಪೇಸ್, ಅಂದರೆ ಒಂದು ಹಾಸಿಗೆಯಷ್ಟು ಜಾಗ, ಹಿಡಿದು, ವೀಸಾ ಮುಗಿಯುವವರೆಗೆ ಕಾದು ವಾಪಸ್ ಬಂದವರು ನಮ್ಮೂರಿನಲ್ಲೇ ಮೂವರಿದ್ದಾರೆ. ಮೂವರೂ ‘ಹವಾ ಆಗಿಬರಲಿಲ್ಲ’ ಅಂತಲೇ ಹೇಳಿದ್ದು.

ನನ್ನ ಕತೆಗೆ ಬರುತ್ತೇನೆ. ವಜಾ ಕಾಗದ ಬಂದ ಮೂರು ವಾರದೊಳಗೆ ಕಾರ್ಮಿಕ ಕೋರ್ಟಿಗೆ ಹೋಗಬೇಕು, ದಾಟಿದರೆ ಮುಗಿಯಿತು. ವಕೀಲರು ಬೇಕಿಲ್ಲ. ಕೋರ್ಟಿನಲ್ಲೇ ಒಂದು ಕಿಟಕಿ ಇದೆ, ಅಲ್ಲಿ ಕೂತವರು ನಮ್ಮ ದೂರು ಕೇಳಿ ಅವರೇ ಟೈಪ್ ಮಾಡಿಕೊಡುತ್ತಾರೆ. ಅಲ್ಲಿಯೂ ಅಜ್ಜಿ ಜೊತೆಗೆ. ಮೊದಲ ಹಂತದಲ್ಲಿ ಗೆದ್ದರೂ ಸೋತರೂ ಅವರವರ ವಕೀಲರ ಫೀ ಅವರವರದ್ದು, ಹಾಗಾಗಿ ದೊಡ್ಡ ಕಂಪನಿಯ ವಕೀಲರ ಬಿಲ್ಲು ನನ್ನ ತಲೆಗೆ ಬರುವ ಭಯ ಇರಲಿಲ್ಲ. ಸಣ್ಣವನು ಕೋರ್ಟಿಗೆ ಹೋಗಬೇಕೆಂದರೆ ಇದು ಬಹಳ ಮುಖ್ಯ. ನವೆಂಬರ್ ಕೊನೆಗೆ ರಾಜಿ ಮಾತುಕತೆಗೆ ಕರೆದರು. ಹದಿನೈದು ನಿಮಿಷ, ಒಬ್ಬರೇ ಜಡ್ಜು. ಕೆಲಸ ವಾಪಸ್ ಸಿಗುವುದಿಲ್ಲ ಅಂತ ನನಗೆ ನೇರವಾಗಿ ಹೇಳಿದರು. ಕಂಪನಿಯ ವಕೀಲರ ಕಡೆ ತಿರುಗಿ, ‘ಈ ಮನುಷ್ಯ ನಿಮ್ಮ ಕಾಗದ ನಂಬಿ ಬೇರೆ ಖಂಡದಿಂದ ಬಂದಿದ್ದಾನೆ, ಏನಾದರೂ ಹೇಳಿ’ ಅಂದರು. 23 ದಿನದ ಸಂಬಳ, ವಿಮಾನದ ಟಿಕೆಟ್, ಎರಡು ತಿಂಗಳ ರೂಮಿನ ಬಾಡಿಗೆ. ಒಪ್ಪಿಕೊಂಡೆ. ಸ್ಕೂಟರಿನ ಲೆಕ್ಕ ಅದರಲ್ಲಿ ಬರಲಿಲ್ಲ.

ದುಡ್ಡು ದೊಡ್ಡದಲ್ಲ. ಆದರೆ ಕೋರ್ಟಿನಿಂದ ಹೊರಗೆ ಬಂದು ಮೊದಲು ಫೋನ್ ಮಾಡಿದ್ದು ಅಮ್ಮನಿಗೆ. ಎರಡು ತಿಂಗಳಿಂದ ಕೆಲಸ ಇಲ್ಲ ಅಂತ ಅವತ್ತು ಹೇಳಿದೆ. ಯಾವನದ್ದೋ ತಪ್ಪು ಅಂತ ಒಬ್ಬ ಜಡ್ಜು ಎದುರಿಗೆ ಕೂತು ಒಪ್ಪಿದ ಮೇಲೆ ನನಗೆ ಹೇಳಲು ಬಾಯಿ ಬಂತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಂಗಾರೆ ಆ ಟರ್ಕಿಯವ?’ ಅಂದಳು.

ಡಿಸೆಂಬರ್‌ನಲ್ಲಿ, ಗಡುವು ಮುಗಿಯಲು ಕೆಲವೇ ವಾರ ಇರುವಾಗ, ಇಲ್ಲಿಂದ ಒಂದು ಗಂಟೆ ದೂರದ ಸಣ್ಣ ಊರಿನಲ್ಲಿ ಕೆಲಸ ಸಿಕ್ಕಿತು. ಹೆಂಡತಿ ಜನವರಿಗೆ ಅಲ್ಲ, ಜೂನ್‌ಗೆ ಬಂದಳು.

ಹೋದ ತಿಂಗಳು ಬೆಂಗಳೂರಿನಿಂದ ಹಳೆಯ ಜೂನಿಯರ್ ಒಬ್ಬನ ಫೋನು. ಅವನಿಗೂ ಇಲ್ಲಿ ಆಫರ್ ಬಂದಿದೆ, ರಾಜೀನಾಮೆ ಕೊಡಲಾ ಅಂತ. ನಾನು ಅಜ್ಜಿಯ ಧಾಟಿಯಲ್ಲೇ ಶುರು ಮಾಡಿದೆ. ಕಾಗದ ಎಲ್ಲಿ? ಸಹಿ ಯಾರದ್ದು? ಸೇರುವ ಮೊದಲು ವಜಾ ಮಾಡುವಂತಿಲ್ಲ ಅಂತ ಒಂದು ಸಾಲು ಸೇರಿಸಲು ಕೇಳು, ಕೊಡದಿದ್ದರೂ ಕೇಳಿದ್ದಕ್ಕೆ ಏನು ಹೇಳುತ್ತಾರೆ ನೋಡು. ಖರ್ಚು ಯಾರದ್ದು ಬರೆಸಿಕೋ. ಗಾಡಿ ಮಾರಬೇಡ, ತಮ್ಮನ ಮನೆಯಲ್ಲಿ ನಿಲ್ಲಿಸು. ಅವನು ಎಲ್ಲ ಬರೆದುಕೊಂಡ. ಕೊನೆಗೆ ಸ್ವಲ್ಪ ತಡೆದು, ‘ಅಣ್ಣಾ, ಅಕಸ್ಮಾತ್ ಹೆಚ್ಚುಕಮ್ಮಿ ಆದ್ರೆ ನಿಮ್ಮಲ್ಲಿ ನಾಲ್ಕು ದಿನ…’ ಅಂದ.

ನಮ್ಮದು ಎರಡು ರೂಮಿನ ಮನೆ, ಹೆಂಡತಿ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ‘ಬಾ, ಕಾಂಬ’ ಅಂದೆ. ಫೋನ್ ಇಟ್ಟ ಮೇಲೆ ಅವಳು ಹಾಲಿನ ಸೋಫಾ ಅಳತೆ ನೋಡಿದಳು, ನಾನು ಡ್ರಾಯರ್‌ನಲ್ಲಿ ಅಂಟಿಸುವ ಚೀಟಿ ಹುಡುಕಿದೆ. ಅವನು ಬಂದ ದಿನವೇ ಡಬ್ಬಿಯ ಮೇಲೆ ಹೆಸರು ಹಾಕಬೇಕು.